ಕಡಲ ಬದಿಯಲ್ಲಿ ಎಂಟಿಬಿ: ಮಲ್ಪೆಯಿಂದ ಕಾಪುವಿಗೆ ಮೊದಲ ಸವಾರಿ

ಉಡುಪಿ ಹತ್ತಿರದ ಮಲ್ಪೆಯಲ್ಲಿ ಸೇತುವೆ ದಾಟಿದರೆ ಪಡುಕೆರೆ. ದಕ್ಷಿಣಕ್ಕೆ ಹೊರಟರೆ ಬಲಗಡೆ ಕಡಲು, ಎಡಗಡೆ ಉದ್ಯಾವರ ಹೊಳೆ, ನಡುವೆ ತೆಂಗಿನ ಮರಗಳ ಸಣ್ಣ ಪಟ್ಟಿ. ಆ ಪಟ್ಟಿಯ ಮೇಲೆಯೇ ದಾರಿ. ಏರು ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಮಟ್ಟು, ಕೈಪುಂಜಾಲು ದಾಟಿ ಕಾಪು ದೀಪಸ್ತಂಭದವರೆಗೆ ಸುಮಾರು 15 ಕಿಲೋಮೀಟರ್. ಎಂಟಿಬಿ, ಅಂದರೆ ದಪ್ಪ ಟೈರ್‌ನ ಮೌಂಟನ್ ಬೈಕ್ ಸೈಕಲ್, ಕೊಂಡು ಮನೆಯಲ್ಲೇ ನಿಲ್ಲಿಸಿಟ್ಟವರು, ಬೆಟ್ಟ ಹತ್ತೋಕೆ ನಮ್ಮಿಂದ ಆಗಲ್ಲ ಅಂತ ಹಿಂಜರಿಯುವವರು, ಐವತ್ತು ದಾಟಿದ ಮೇಲೆ ಮತ್ತೆ ಪೆಡಲ್ ತುಳಿಯಬೇಕು ಅಂದುಕೊಂಡವರು, ಎಲ್ಲರಿಗೂ ನಾನು ಮೊದಲು ಹೇಳುವುದು ಈ ದಾರಿಯನ್ನೇ.

ಸಮತಟ್ಟು ಅಂದ ಮಾತ್ರಕ್ಕೆ ತಯಾರಿ ಬೇಡ ಅಂತಲ್ಲ. ಬೆಟ್ಟದ ಬದಲು ಇಲ್ಲಿ ಗಾಳಿ ಇದೆ, ಮರಳು ಇದೆ, ಸೆಕೆ ಇದೆ, ಉಪ್ಪು ಇದೆ. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಇಳಿಯಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು, ಎಲ್ಲವೂ ಕಡಲಿಗೆ ತಕ್ಕಂತೆ. ಇದೊಂದು ಅಭ್ಯಾಸವಾದರೆ ಕರಾವಳಿಯ ಯಾವ ಊರಿಗೆ ಹೋದರೂ ನೀವು ಆರಾಮಾಗಿ ಸೈಕಲ್ ತುಳಿಯಬಹುದು.

ತಿಂಗಳು ಮತ್ತು ಹೊತ್ತು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಆಗ ಕಡಲು ದಂಡೆಯನ್ನು ಕೊರೆಯುತ್ತಿರುತ್ತದೆ, ಕಲ್ಲಿನ ಮೇಲೆಲ್ಲ ಹಾವಸೆ ಕಟ್ಟಿರುತ್ತದೆ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಮಾರ್ಚ್ ಬಂದರೆ ಒಂಬತ್ತು ಗಂಟೆಗೇ ಬಿಸಿಲು ಸುಡುತ್ತದೆ.

ತಿಂಗಳಿಗಿಂತ ಮುಖ್ಯ ದಿನದ ಹೊತ್ತು. ರಾತ್ರಿ ನೆಲ ಕಡಲಿಗಿಂತ ಬೇಗ ತಣ್ಣಗಾಗುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಗಾಳಿ ತಿರುಗಿ ಕಡಲಿನಿಂದ ಬರತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಜೋರು, ಹೆಚ್ಚಾಗಿ ವಾಯವ್ಯದ ಕಡೆಯಿಂದ. ಅಂದರೆ ಹಗಲಲ್ಲಿ ದಕ್ಷಿಣಕ್ಕೆ ಹೋಗುವಾಗ ಗಾಳಿ ಬೆನ್ನು ತಟ್ಟುತ್ತದೆ, ಅದೇ ಗಾಳಿ ಉತ್ತರಕ್ಕೆ ಮರಳುವಾಗ ಎದೆಗೆ ಬಡಿಯುತ್ತದೆ. ತುಂಬ ಜನ ಇಲ್ಲೇ ಎಡವುತ್ತಾರೆ. ಒಂಬತ್ತಕ್ಕೆ ಹೊರಟು ಕಾಪು ತನಕ ಸಲೀಸಾಗಿ ಹೋಗಿ, ವಾಪಸ್ ಬರುವಾಗ ಸೋತು ಹೋಗುತ್ತಾರೆ. ಕಾಲಲ್ಲಿ ಶಕ್ತಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ತಪ್ಪು ಕಾಲಿನದ್ದಲ್ಲ, ಗಡಿಯಾರದ್ದು.

ಬೆಳಕು ಹರಿಯುತ್ತಿದ್ದಂತೆ ಹೊರಡಿ. ಹತ್ತು ಗಂಟೆಯೊಳಗೆ ಮಲ್ಪೆಗೆ ಮರಳಿರಿ. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋದರೂ 30 ಕಿಲೋಮೀಟರ್‌ಗೆ ಎರಡೂವರೆ ಗಂಟೆ ಸಾಕು, ಚಹಾಕ್ಕೂ ಸಮಯ ಉಳಿಯುತ್ತದೆ. ಮೊದಲ ದಿನ ಅಷ್ಟೂ ಬೇಡ. ಸುಮಾರು ಅರ್ಧ ದಾರಿಗೆ ಮಟ್ಟು ಸಿಗುತ್ತದೆ, ಅಲ್ಲಿಂದ ತಿರುಗಿ.

ಸೈಕಲ್ ಹೇಗಿರಬೇಕು

ಈ ದಾರಿಗಳಿಗೆ ದುಬಾರಿ ಸೈಕಲ್ ಬೇಕಿಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ (ಕುಲುಕಾಟ ತಡೆಯುವ ಸ್ಪ್ರಿಂಗ್) ಇರುವ ಸಾಮಾನ್ಯ ಎಂಟಿಬಿ ಸಾಕು. ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಆದರೂ ನಡೆಯುತ್ತದೆ, ಉಪ್ಪು ಕೂತು ಹಾಳಾಗುವ ಭಾಗ ಒಂದು ಕಡಿಮೆ. ಹಿಂದೆಯೂ ಸ್ಪ್ರಿಂಗ್ ಇರುವ ಅಗ್ಗದ ಕಬ್ಬಿಣದ ಸೈಕಲ್ ಮಾತ್ರ ತಗೊಳ್ಳಬೇಡಿ. ಭಾರ ಜಾಸ್ತಿ, ತುಳಿದ ಬಲವೆಲ್ಲ ಸ್ಪ್ರಿಂಗ್ ಕುಣಿಯುವುದರಲ್ಲೇ ಹೋಗುತ್ತದೆ, ಕರಾವಳಿಯ ಗಾಳಿಗೆ ಬೇಗ ತುಕ್ಕೂ ಹಿಡಿಯುತ್ತದೆ. ಅಲ್ಯೂಮಿನಿಯಂ ಫ್ರೇಮ್ ಒಳ್ಳೆಯದು.

ನಿಜವಾಗಿ ನೋಡಬೇಕಾದದ್ದು ಟೈರ್. 2.1ರಿಂದ 2.25 ಇಂಚು ಅಗಲ ಇರಲಿ, ಉಬ್ಬುಗಳು ತೀರಾ ದೊಡ್ಡದಾಗಿರುವುದು ಬೇಡ.

ಸೀಟಿನ ಎತ್ತರ ಹೀಗೆ ನೋಡಿ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾದರೆ ಎತ್ತರ ಸರಿ. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲೆ ಬರುವುದರಿಂದ ಮಂಡಿ ಸ್ವಲ್ಪ ಬಾಗಿರುತ್ತದೆ. ಹೊಸಬರು ನೆಲಕ್ಕೆ ಕಾಲು ಸಿಗಲಿ ಅಂತ ಸೀಟು ತುಂಬಾ ಇಳಿಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಮಂಡಿ ನೋವು ಶುರುವಾಗುತ್ತದೆ.

ಸೀಟ್ ಪೋಸ್ಟ್‌ಗೆ ಗ್ರೀಸ್ ಹಚ್ಚಿದ್ದೀರಾ ನೋಡಿ. ಉಪ್ಪುಗಾಳಿಯಲ್ಲಿ ಅದು ಫ್ರೇಮ್ ಒಳಗೇ ಕಚ್ಚಿಕೊಂಡರೆ ಆಮೇಲೆ ಎಳೆದರೂ ಬರುವುದಿಲ್ಲ. ಪೆಡಲ್‌ನ ಥ್ರೆಡ್‌ಗೂ ಇದೇ ಮಾತು.

ಗಾಳಿ ತುಂಬುವ ಲೆಕ್ಕ

ನನ್ನ ಪ್ರಕಾರ ಇಡೀ ಕರಾವಳಿ ಸವಾರಿಯ ಗುಟ್ಟು ಇರುವುದು ಟೈರ್‌ನ ಗಾಳಿಯಲ್ಲಿ. ಪಂಕ್ಚರ್ ಅಂಗಡಿಯಲ್ಲಿ ಕೊಟ್ಟರೆ ಕಲ್ಲಿನಂತೆ ಗಟ್ಟಿಯಾಗುವ ತನಕ ತುಂಬಿ ಕೊಡುತ್ತಾರೆ. ಡಾಂಬರಿಗೆ ಅದು ಪರವಾಗಿಲ್ಲ. ಮರಳಿಗೆ ಬಂದರೆ ಚಕ್ರ ಕತ್ತಿಯ ಹಾಗೆ ಒಳಗೆ ಇಳಿಯುತ್ತದೆ. ಗಾಳಿ ಕಡಿಮೆಯಾದಷ್ಟೂ ಟೈರ್ ನೆಲದ ಮೇಲೆ ಅಗಲವಾಗಿ ಹರಡುತ್ತದೆ, ಭಾರ ಹಂಚಿಹೋಗುತ್ತದೆ, ಚಕ್ರ ಮರಳಿನ ಮೇಲೆ ತೇಲುತ್ತದೆ.

ನಿಮ್ಮ ತೂಕ 65ರಿಂದ 75 ಕೆಜಿ, ಒಳಗೆ ಟ್ಯೂಬ್ ಇದೆ, ಟೈರ್ 2.2 ಇಂಚು ಆಸುಪಾಸು ಅಂತಿಟ್ಟುಕೊಳ್ಳಿ. ಡಾಂಬರು ಮತ್ತು ಕಾಂಕ್ರೀಟಿಗೆ 40 ಪಿಎಸ್‌ಐ (ಟೈರ್‌ನ ಗಾಳಿಯ ಒತ್ತಡದ ಅಳತೆ). ಮಣ್ಣು, ಕೆಂಪು ಜಲ್ಲಿಗೆ 30ರಿಂದ 32. ಗಟ್ಟಿ ಮರಳಿಗೆ 23ರಿಂದ 25. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ಎರಡು ಪಿಎಸ್‌ಐ ಕಡಿಮೆ ಇರಲಿ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಏರಿಸಿ. ಟೈರ್‌ನ ಬದಿಯಲ್ಲಿ ಕನಿಷ್ಠ, ಗರಿಷ್ಠ ಎಷ್ಟು ಅಂತ ಅಚ್ಚಾಗಿರುತ್ತದೆ, ಅದನ್ನು ಒಮ್ಮೆ ಓದಿಕೊಳ್ಳಿ. ಮರಳು ಮುಗಿದ ಕೂಡಲೇ ಮತ್ತೆ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ಕಲ್ಲಿಗೆ ಗುದ್ದಿದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ಕೈಪಂಪು ಇಲ್ಲದೆ ಹೊರಡಬೇಡಿ ಅನ್ನುವುದು ಇದಕ್ಕೇ.

ನಿಮ್ಮ ಟ್ಯೂಬ್‌ನ ವಾಲ್ವ್ ಯಾವುದು ಅಂತಲೂ ನೋಡಿ. ಸ್ಕೂಟರ್‌ನಲ್ಲಿರುವಂಥ ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕ್‌ನಲ್ಲೂ ಗಾಳಿ ತುಂಬಿಸಬಹುದು. ತುದಿಯಲ್ಲಿ ಸಣ್ಣ ತಿರುಪು ಇರುವ ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆದರೆ ಹಳ್ಳಿಯ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದನ್ನು ಬ್ಯಾಗಲ್ಲಿ ಹಾಕಿಡಿ.

ಬ್ಯಾಗಲ್ಲಿ ಏನಿರಬೇಕು

ಒಂದು ಹೊಸ ಟ್ಯೂಬ್, ಟೈರ್ ಬಿಚ್ಚಲು ಎರಡು ಲಿವರ್, ಪ್ಯಾಚ್ ಕಿಟ್, ಅಲನ್ ಕೀ ಸೆಟ್, ಪಂಪು, ಹಳೆ ಬನಿಯನ್ ಬಟ್ಟೆಯ ತುಂಡು. ತಲೆಗೆ ಸೈಕಲ್ ಹೆಲ್ಮೆಟ್, ಅದರೊಳಗೆ ಇಎನ್ 1078 ಅನ್ನುವ ಗುರುತು ಇದ್ದರೆ ನಂಬಬಹುದು. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಮರಳು ಹಾರುತ್ತದೆ. ಹಿಂದೆ ಕೆಂಪು ಲೈಟ್, ಹ್ಯಾಂಡಲ್‌ಗೆ ಗಂಟೆ.

ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ಬಾಯಾರುವ ಮೊದಲೇ ಕುಡಿಯುತ್ತಿರಿ. ಗಂಟೆಗೆ ಅರ್ಧ ಲೀಟರ್‌ನಿಂದ ಮುಕ್ಕಾಲು ಲೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಮಧ್ಯೆ ಎಲ್ಲಾದರೂ ಬೊಂಡ (ಎಳನೀರು) ಸಿಕ್ಕರೆ ಬಿಡಬೇಡಿ. ಉಪ್ಪು ಹಾಕಿದ ನೀರುಮಜ್ಜಿಗೆಯೂ ಅಷ್ಟೇ ಒಳ್ಳೆಯದು. ಹೊರಡುವ ಮೊದಲು ಎರಡು ಬಾಳೆಹಣ್ಣು ತಿನ್ನಿ. ಬನ್ಸ್, ಗೋಳಿಬಜೆ ಎಲ್ಲ ಮುಗಿಸಿ ಬಂದ ಮೇಲೆ. ಎಣ್ಣೆ ತಿಂಡಿ ತಿಂದು ತುಳಿದರೆ ಹೊಟ್ಟೆ ಕೇಳುವುದಿಲ್ಲ.

ಮೈದಾನದಲ್ಲಿ ಅರ್ಧ ಗಂಟೆ

ದಾರಿಗೆ ಇಳಿಯುವ ಮೊದಲು ಯಾವುದಾದರೂ ಶಾಲೆಯ ಮೈದಾನದಲ್ಲಿ ಮೂರು ಕೆಲಸ ಕಲಿಯಿರಿ.

ಮೊದಲನೆಯದು ನಿಲ್ಲುವುದು. ಪೆಡಲ್ ಎರಡೂ ನೆಲಕ್ಕೆ ಸಮವಾಗಿರಲಿ. ಸೀಟಿನಿಂದ ಸ್ವಲ್ಪ ಎದ್ದು, ಮಂಡಿ ಮತ್ತು ಮೊಣಕೈ ಬಾಗಿಸಿ. ಭಾರ ಕಾಲಿನ ಮೇಲಿರಲಿ, ಕೈ ಹಗುರ ಇರಲಿ. ಸೈಕಲ್ ಕೆಳಗೆ ಕುಣಿದರೂ ನಿಮ್ಮ ತಲೆ ಅಲುಗಬಾರದು. ಹೊಂಡ, ಬೇರು, ಕಲ್ಲು ಎಲ್ಲಕ್ಕೂ ಇದೇ ಭಂಗಿ.

ಎರಡನೆಯದು ಬ್ರೇಕ್. ಒಂದೊಂದು ಬೆರಳು ಸಾಕು. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುಗುವಾಗ ಬ್ರೇಕ್ ಬಿಟ್ಟುಬಿಡಿ. ನಮ್ಮ ಕಡೆಯ ಮುರಕಲ್ಲಿನ (ಕೆಂಪು ಕಲ್ಲಿನ) ಪದವುಗಳಲ್ಲಿ, ಅಂದರೆ ಎತ್ತರದ ಬಯಲುಗಳಲ್ಲಿ, ಕೆಂಪು ಜಲ್ಲಿಯ ದಾರಿಗಳಲ್ಲಿ ಇದು ಜೀವ ಉಳಿಸುವ ಮಾತು. ಆ ಜಲ್ಲಿ ದುಂಡಗೆ, ಸಡಿಲವಾಗಿ ಬಿದ್ದಿರುತ್ತದೆ. ಅದರ ಮೇಲೆ ತಿರುಗುತ್ತಾ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಪಕ್ಕಕ್ಕೆ ಜಾರಿ ಹೋಗುತ್ತದೆ, ನೆಲಕ್ಕೆ ಬೀಳುವ ತನಕ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ.

ಮೂರನೆಯದು ಮರಳು. ಮರಳು ಕಾಣಿಸಿದ ಕೂಡಲೇ, ಅದರೊಳಗೆ ಹೋಗುವ ಮೊದಲೇ, ಗೇರ್ ಹಗುರ ಮಾಡಿ. ಒಳಗೆ ಹೋದ ಮೇಲೆ ಗೇರ್ ಬದಲಿಸಲು ಹೋದರೆ ಚೈನ್ ಸಿಕ್ಕಿಕೊಳ್ಳುತ್ತದೆ. ಸೀಟಿನ ಮೇಲೆ ಸ್ವಲ್ಪ ಹಿಂದೆ ಸರಿದು ಕೂತು ಒಂದೇ ಸಮ ತುಳಿಯಿರಿ. ಹ್ಯಾಂಡಲ್ ಅತ್ತಿತ್ತ ಅಲುಗುತ್ತದೆ, ಅಲುಗಲಿ ಬಿಡಿ. ಬಿಗಿಯಾಗಿ ಹಿಡಿದು ನೇರ ಮಾಡಲು ಹೋದವರೇ ಬೀಳುವುದು. ಕಣ್ಣು ಹತ್ತು ಮೀಟರ್ ಮುಂದೆ ಇರಲಿ, ಚಕ್ರದ ಬುಡ ನೋಡಬೇಡಿ. ನಿಂತುಹೋದರೆ ಇಳಿದು ತಳ್ಳಿಕೊಂಡು ಹೋಗಿ. ಒಣ ಮರಳಿನಲ್ಲಿ ಮಾಮೂಲಿ ಎಂಟಿಬಿ ಓಡುವುದಿಲ್ಲ. ಅದು ನಿಮ್ಮ ತಪ್ಪಲ್ಲ.

ಮಲ್ಪೆಯಿಂದ ಕಾಪುವಿಗೆ

ಹೊರಗಿನಿಂದ ಬರುವವರಿಗೆ ಕೊಂಕಣ ರೈಲ್ವೆಯ ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿದೆ, ಅಲ್ಲಿಂದ ಮಲ್ಪೆ ಹತ್ತು ಕಿಲೋಮೀಟರ್ ಒಳಗೆ. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನ್‌ನಲ್ಲಿ ಕಳಿಸಬಹುದು. ಹಾಗೆ ಕಳಿಸುವಾಗ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಿಂದಿನ ಡಿರೇಲರ್‌ಗೆ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ರಟ್ಟು ಸುತ್ತಿ.

ಮಲ್ಪೆಯ ಬಂದರು ಪ್ರದೇಶದಲ್ಲಿ ನಿಧಾನ. ಮೀನಿನ ಲಾರಿಗಳಿಂದ ಸೋರಿದ ನೀರು ರಸ್ತೆಯ ಮೇಲಿರುತ್ತದೆ, ತುಂಬಾ ಜಾರುತ್ತದೆ. ಸೇತುವೆ ದಾಟಿದ ಮೇಲೆ ಗಲಾಟೆ ಕಡಿಮೆಯಾಗುತ್ತದೆ. ಪಡುಕೆರೆಯ ಪಡು ಅಂದರೆ ಪಶ್ಚಿಮ. ಆ ಹೆಸರಿನಂತೆ ಇದು ಊರಿನ ಕಟ್ಟಕಡೆಯ ಪಡುವಣ ಅಂಚು, ಆಚೆಗೆ ಅರಬ್ಬಿ ಸಮುದ್ರವೇ. ದಾರಿ ಹೆಚ್ಚಿನ ಕಡೆ ಡಾಂಬರು ಅಥವಾ ಕಾಂಕ್ರೀಟು. ಆದರೆ ಗಾಳಿಗೆ ಹಾರಿ ಬಂದ ಮರಳು ಅಲ್ಲಲ್ಲಿ ತೆಳ್ಳಗೆ ಹರಡಿಕೊಂಡಿರುತ್ತದೆ. ತಿರುವಿನಲ್ಲಿ ಇಂಥ ಮರಳು ಕಂಡರೆ ನೇರವಾಗಿ ದಾಟಿ, ಆಮೇಲೆ ತಿರುಗಿ. ತೆಂಗಿನ ಮಡಲು ಬಿದ್ದಿದ್ದರೆ ಅದರ ಮೇಲೆ ಹತ್ತಿಸಬೇಡಿ. ಒಂದು ಗರಿ ಹಿಂದಿನ ಗೇರಿಗೆ ಸುತ್ತಿಕೊಂಡರೂ ಡಿರೇಲರ್ ಮುರಿಯಬಹುದು.

ಬೆಳಗಿನ ಆ ಹೊತ್ತಿಗೆ ದಾರಿಯ ಬದಿಯಲ್ಲಿ ಬಲೆ ಹರಡಿರುತ್ತಾರೆ, ಮೀನು ಒಣಗಲು ಹಾಕಿರುತ್ತಾರೆ. ಬಲೆಯ ಮೇಲೆ ಚಕ್ರ ಹಾಯಿಸಲೇಬಾರದು. ಒಂದು ಕಣ್ಣು ಹರಿದರೂ ಅದನ್ನು ಕೂತು ಹೆಣೆಯುವವರು ಅವರೇ. ಸೈಕಲ್ ಎತ್ತಿಕೊಂಡು ಬದಿಯಿಂದ ನಡೆಯಿರಿ. ಎದುರಿಗೆ ಯಾರಾದರೂ ಸಿಕ್ಕರೆ ಗಂಟೆ ಬಾರಿಸುವ ಬದಲು ಮಾತಾಡಿಸಿ. ಕೇಳಿದ್ದಕ್ಕಿಂತ ಜಾಸ್ತಿ ದಾರಿ ಹೇಳಿಕೊಡುತ್ತಾರೆ.

ಮಟ್ಟು ಅಂದರೆ ಮಟ್ಟುಗುಳ್ಳದ ಊರು. ಹಸಿರು ಗೆರೆಯ ಗುಂಡು ಬದನೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರು ಅನ್ನುವ ನಂಬಿಕೆ ಇಲ್ಲಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಳೆಗಾಲದ ಭತ್ತ ಕಟಾವಾದ ಮೇಲೆ ಗದ್ದೆಯಲ್ಲಿ ಗುಳ್ಳ ನೆಡುತ್ತಾರೆ. ನಾವು ಸೈಕಲ್ ತುಳಿಯುವ ತಿಂಗಳುಗಳೇ ಅದರ ತಿಂಗಳುಗಳು. ಒಂದು ಕೆಜಿ ಕೊಂಡು ಬ್ಯಾಗಿಗೆ ಹಾಕಿಕೊಳ್ಳಿ, ಹುಳಿ ಮಾಡಿದರೆ ಅದರ ರುಚಿ ಬೇರೆಯೇ.

ಮಟ್ಟುವಿನಲ್ಲಿ ಹೊಳೆಗೆ ಸೇತುವೆ ಇದೆ. ಅದನ್ನು ದಾಟಿ ಕಟಪಾಡಿ ಕಡೆಗೆ ತಿರುಗಿದರೆ ಗದ್ದೆ, ತೋಟಗಳ ನಡುವಿನ ದಾರಿಗಳು. ಹಳ್ಳಿಯ ಸವಾರಿ ಬೇಕು ಅನ್ನುವವರು ಇಲ್ಲಿಂದ ಒಳಗೆ ಹೋಗಬಹುದು. ಗದ್ದೆಯ ಹುಣಿ (ಬದು) ಮೇಲೆ ಮಾತ್ರ ಸೈಕಲ್ ಬಿಡಬೇಡಿ. ಮಣ್ಣು ಮೆತ್ತಿ ಕಟ್ಟಿದ ಹುಣಿ ಅದು, ಚಕ್ರ ಹಾಯ್ದರೆ ಒಡೆದು ನೀರು ಹೊರಟು ಹೋಗುತ್ತದೆ. ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಬಂದರೆ, ಎಷ್ಟೇ ಧೈರ್ಯ ಇದ್ದರೂ, ಇಳಿದು ದಾಟಿ. ತೋಟದ ತಡಮೆ (ಬೇಲಿಯ ಬಾಗಿಲು) ಮುಚ್ಚಿದ್ದರೆ ಅದು ಅವರ ಮನೆ ಬಾಗಿಲು ಇದ್ದಂತೆ. ಮರಗಳ ಗುಂಪಿನೊಳಗೆ ನಾಗನ ಕಲ್ಲು ಕಂಡರೆ ಅದು ನಾಗಬನ, ಒಳಗೆ ಸೈಕಲ್ ಒಯ್ಯಬೇಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಓಡಿಸಿಕೊಂಡು ಹೋಗುವುದಕ್ಕಿಂತ ಇಳಿದು ನಿಲ್ಲುವುದು ವಾಸಿ. ನಿಮ್ಮ ಮತ್ತು ನಾಯಿಯ ನಡುವೆ ಸೈಕಲ್ ಇರಲಿ. ನಿಧಾನವಾಗಿ ನಡೆಯಿರಿ. ಹೆಚ್ಚಿನವು ಅಲ್ಲಿಗೇ ಸುಮ್ಮನಾಗುತ್ತವೆ.

ಕಾಪುವಿನಲ್ಲಿ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಅಲ್ಲಿ ಹತ್ತು ನಿಮಿಷ ಕೂತು, ನೀರು ಕುಡಿದು, ಗಾಳಿ ತಿರುಗುವ ಮೊದಲು ಹೊರಡಿ.

ಈ ದಾರಿ ಎರಡು ಮೂರು ಸಲ ಮಾಡಿದ ಮೇಲೆ ಕೋಡಿಬೆಂಗ್ರೆಗೆ ಹೋಗಿ. ಸಂತೆಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ಕೆಮ್ಮಣ್ಣು, ಹೂಡೆ ಮೇಲೆ ಹೋದರೆ ಸುವರ್ಣಾ ಮತ್ತು ಸೀತಾ ನದಿಗಳು ಸೇರಿ ಕಡಲಿಗೆ ಬೀಳುವ ತುದಿ ಸಿಗುತ್ತದೆ. ಅದೂ ಏರಿಲ್ಲದ ದಾರಿಯೇ.

ಮರಳಿಗೆ ಇಳಿಯುವ ಮುನ್ನ

ದಂಡೆಯ ಮೇಲೆ ಸೈಕಲ್ ತುಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಭರತ-ಇಳಿತ ಗೊತ್ತಿರಬೇಕು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರೂ ಜಾಸ್ತಿ, ಇಳಿತವೂ ಜಾಸ್ತಿ. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲು ಶುರುಮಾಡಿ, ಇಳಿದ ಒಂದು ಗಂಟೆಯೊಳಗೆ ಮುಗಿಸಿ. ಆಗ ಒದ್ದೆ ಮರಳು ಅಗಲವಾಗಿ, ಗಟ್ಟಿಯಾಗಿ ಸಿಗುತ್ತದೆ.

ಕೆಲವು ವರ್ಷದ ಹಿಂದೆ ಕುಂದಾಪುರದ ಕೋಡಿಯಲ್ಲಿ ನಾನು ಇದನ್ನೆಲ್ಲ ನೋಡದೆ ಸೈಕಲ್ ಇಳಿಸಿದ್ದೆ. ದೋಣಿಯ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೂಗಿ ಹೇಳಿದರು: "ಹ್ವಾಯ್, ಈಗ ಹೋಪುದ್ ಬ್ಯಾಡ. ನೀರ್ ಏರ್ತಾ ಇತ್ತ್."

"ಎಷ್ಟು ಹೊತ್ತಿಗೆ ಇಳಿಯುತ್ತೆ ಅಜ್ಜಯ್ಯ?" ಅಂತ ಕೇಳಿದೆ. ಆಕಾಶ ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ಮಧ್ಯಾಹ್ನ ದಾಟಲಿ ಅಂದರು. ಅರ್ಧ ಗಂಟೆಯಲ್ಲಿ ನಾನು ಹೋಗಬೇಕೆಂದಿದ್ದ ಜಾಗದಲ್ಲಿ ಅಲೆ ಒಡೆಯುತ್ತಿತ್ತು. ಅವತ್ತಿನಿಂದ ಫೋನಿನಲ್ಲಿ ಉಬ್ಬರವಿಳಿತದ ಪಟ್ಟಿ ನೋಡಿದರೂ ಸ್ಥಳೀಯರನ್ನು ಒಂದು ಮಾತು ಕೇಳಿಯೇ ಇಳಿಯುತ್ತೇನೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಅದು ಇರುವ ದಿನ ದಂಡೆ ಬೇಡ.

ಇನ್ನೊಂದು ಮಾತು. ಚಳಿಗಾಲದ ತಿಂಗಳುಗಳಲ್ಲಿ ನಮ್ಮ ಕರಾವಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಗೂಡು ಇರುವುದು ಭರತದ ಗೆರೆಗಿಂತ ಮೇಲೆ, ಒಣ ಮರಳಿನಲ್ಲಿ. ಹಾಗಾಗಿ ನೀರಿನ ಹತ್ತಿರದ ಒದ್ದೆ ಮರಳಲ್ಲೇ ಇರಿ. ಬೇಲಿ ಕಟ್ಟಿದ ಜಾಗದಿಂದ ದೂರ ಹೋಗಿ. ಕತ್ತಲಲ್ಲಿ ದಂಡೆಯ ಮೇಲೆ ಸೈಕಲ್ ಬೇಡವೇ ಬೇಡ.

ಪಂಕ್ಚರ್ ಆದರೆ

ನೆರಳಿಗೆ ಬನ್ನಿ. ಹಿಂದಿನ ಚಕ್ರ ಆದರೆ ಮೊದಲು ಚೈನನ್ನು ಹಿಂದಿನ ಅತಿ ಸಣ್ಣ ಗೇರ್ ಚಕ್ರಕ್ಕೆ ತಂದು ಚಕ್ರ ಬಿಚ್ಚಿ. ವಾಲ್ವ್‌ಗೆ ಎದುರಿನ ಬದಿಯಿಂದ ಲಿವರ್ ಹಾಕಿ ಟೈರ್‌ನ ಒಂದು ಬದಿ ಮಾತ್ರ ಬಿಡಿಸಿ, ಟ್ಯೂಬ್ ಎಳೆಯಿರಿ. ಹೊಸ ಟ್ಯೂಬ್ ಹಾಕುವ ಮೊದಲು ಟೈರ್‌ನ ಒಳಗಡೆ ಬನಿಯನ್ ಬಟ್ಟೆಯಿಂದ ಸುತ್ತಲೂ ಒರೆಸಿ. ಮುಳ್ಳು ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ನಾನೊಮ್ಮೆ ಅವಸರದಲ್ಲಿ ಇದನ್ನು ಬಿಟ್ಟು, ಅದೇ ಮುಳ್ಳಿನಿಂದ ಎರಡನೇ ಟ್ಯೂಬನ್ನೂ ಕಳಕೊಂಡು ಆರು ಕಿಲೋಮೀಟರ್ ನಡೆದಿದ್ದೇನೆ. ಮರಳು ಒಳಗೆ ಉಳಿದರೂ ಅದು ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಹೊಸ ಟ್ಯೂಬ್‌ಗೆ ಸ್ವಲ್ಪ ಗಾಳಿ ತುಂಬಿ, ದುಂಡಗಾದ ಮೇಲೆ ಒಳಗೆ ಕೂರಿಸಿ. ಕೊನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಾಕಿ, ಲಿವರ್ ಬೇಡ.

ಮನೆಗೆ ಬಂದ ಮೇಲೆ, ಅವತ್ತೇ

ಸುಸ್ತಾಗಿರುತ್ತದೆ, ನಾಳೆ ತೊಳೆಯೋಣ ಅನಿಸುತ್ತದೆ, ಅಲ್ವಾ? ಹಾಗೆ ಬಿಡಬೇಡಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕಬ್ಬಿಣಕ್ಕೆ ರಾತ್ರಿಯಿಡೀ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ದಂಡೆಗೆ ಇಳಿಯದೆ ಬರೀ ಪಡುಕೆರೆ ರಸ್ತೆಯಲ್ಲಿ ಹೋಗಿದ್ದರೂ ಉಪ್ಪು ಕೂತಿರುತ್ತದೆ.

ಒಂದು ಬಕೆಟ್ ಬಾವಿ ನೀರು, ಒಂದು ಮಗ್ ತಗೊಳ್ಳಿ. ಮೇಲಿನಿಂದ ಮೆಲ್ಲಗೆ ಸುರಿಯುತ್ತಾ ತೊಳೆಯಿರಿ. ಸರ್ವೀಸ್ ಸ್ಟೇಷನ್‌ನ ಜೋರು ನೀರು ಬೇಡ, ಅದು ಬೇರಿಂಗ್ ಒಳಗಿನ ಗ್ರೀಸನ್ನೇ ಹೊರಗೆ ತಳ್ಳುತ್ತದೆ. ಸಾಬೂನು ನೀರಲ್ಲಿ ಹಳೆ ಬ್ರಷ್ ಅದ್ದಿ ಚೈನ್, ಗೇರ್ ಚಕ್ರ ಉಜ್ಜಿ, ಮತ್ತೆ ನೀರು ಹಾಕಿ. ಕಡ್ಡಿಗಳು ರಿಮ್ಮಿಗೆ ಸೇರುವ ಜಾಗ ಮರೆಯಬೇಡಿ, ತುಕ್ಕು ಅಲ್ಲಿಂದಲೇ ಶುರು. ಆಮೇಲೆ ಸೈಕಲ್ಲನ್ನು ಎರಡು ಸಲ ನೆಲಕ್ಕೆ ಕುಟ್ಟಿ ನೀರು ಬೀಳಿಸಿ, ಒಣ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ.

ಎಣ್ಣೆಯ ವಿಷಯದಲ್ಲಿ ಮನೆಮದ್ದು ಮಾಡಬೇಡಿ. ತೆಂಗಿನೆಣ್ಣೆ ಅಂಟಾಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ತೆಳು, ಒಂದೇ ಸವಾರಿಗೆ ಹೋಗುತ್ತದೆ. ಮಾಮೂಲಿ ಡಬ್ಲ್ಯೂಡಿ-40 ಸ್ಪ್ರೇ ನೀರು ಓಡಿಸಲು ಒಳ್ಳೆಯದು, ಆದರೆ ಚೈನಿನ ಮೇಲೆ ಉಳಿಯುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಸಿಗುವ ಚೈನ್ ಲ್ಯೂಬ್ ಒಂದು ಸಣ್ಣ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಚೈನಿನ ಒಂದೊಂದು ಕೊಂಡಿಗೂ ಒಂದೊಂದು ಹನಿ ಬಿಡಿ. ಡಿಸ್ಕ್ ಬ್ರೇಕ್‌ಗೆ ಒಂದು ಹನಿಯೂ ತಾಗಬಾರದು. ಐದು ನಿಮಿಷ ಬಿಟ್ಟು ಹೊರಗೆ ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಕೊಂಡಿಯ ಒಳಗೆ ಇದ್ದರೆ ಸಾಕು. ಹೊರಗೆ ಉಳಿದದ್ದು ಮುಂದಿನ ಸಲ ಮರಳನ್ನು ಹಿಡಿದುಕೊಳ್ಳುತ್ತದೆ.